ಮಲೆನಾಡಿನ ರಸ್ತೆಗೆ ಯಾವ ಸಸ್ಪೆನ್ಷನ್? ಕಂಪನಿ ಶಾಕ್, ಗ್ಯಾಸ್ ಶಾಕ್, ಲಿಫ್ಟ್ ಕಿಟ್, ಕಾಯಿಲೋವರ್: ಒಂದು ಹೋಲಿಕೆ

"ಕಾರು ಕೆಳಗೆ ತಾಗ್ತದೆ, ಒಳ್ಳೆ ಶಾಕ್ ಹಾಕ್ಸಬೇಕು." ಶಿವಮೊಗ್ಗದ ಸ್ಪೇರ್ಸ್ ಅಂಗಡಿಗಳಿಗೆ ಹೀಗೆ ಕೇಳಿಕೊಂಡು ಬರುವವರು ಬಹಳ. ಹೊಸ ಶಾಕ್ ಹಾಕಿಸಿಕೊಂಡು ಹೋದ ಮೇಲೂ ಅದೇ ಹಂಪಿನಲ್ಲಿ ಅದೇ ಚೇಂಬರ್ (ಎಂಜಿನ್ನಿನ ತಳದ ಎಣ್ಣೆ ತೊಟ್ಟಿ) ತಾಗುತ್ತದೆ. ಕಾರನ್ನು ಎತ್ತಿ ಹಿಡಿಯುವುದು ಸ್ಪ್ರಿಂಗ್. ಶಾಕ್ ಭಾರ ಹೊರುವುದಿಲ್ಲ. ಗುಂಡಿಗೆ ಬಿದ್ದು ಎದ್ದ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದಷ್ಟೇ ಅದರ ಪಾಲು. ಎತ್ತರ ಬೇಕಾದವರು ಶಾಕಿಗೆ ದುಡ್ಡು ಹಾಕಿದರೆ, ಓಲಾಟ ನಿಲ್ಲಬೇಕಾದವರು ಸ್ಪೇಸರ್ (ಎತ್ತರಿಸಲು ನಡುವೆ ಕೂರಿಸುವ ದಪ್ಪ ಬಿಲ್ಲೆ) ಹಾಕಿಸಿದರೆ, ಎರಡೂ ಕಡೆ ದುಡ್ಡು ದಂಡ.

ನಮ್ಮ ಕಡೆಯ ದೂರುಗಳನ್ನು ಸೋಸಿದರೆ ಮೂರು ಉಳಿಯುತ್ತವೆ. ತೋಟದ ಮನೆಯ ಮಣ್ಣುರಸ್ತೆಯ ನಡುದಿಂಡಿಗೋ ಊರೊಳಗಿನ ಅಳತೆಯಿಲ್ಲದ ಹಂಪಿಗೋ ಹೊಟ್ಟೆ ತಾಗುವುದು ಒಂದು. ನಾಲ್ಕು ಜನ ಕೂತು ಡಿಕ್ಕಿಯಲ್ಲಿ ಅಡಿಕೆ ಮೂಟೆ ಇಟ್ಟರೆ ಹಿಂಭಾಗ ಕುಸಿಯುವುದು ಇನ್ನೊಂದು. ಆಗುಂಬೆ, ಹುಲಿಕಲ್ ತಿರುವುಗಳಲ್ಲಿ ಗಾಡಿ ವಾಲಿ, ಗುಂಡಿ ದಾಟಿದ ಮೇಲೂ ಓಲಾಡುವುದು ಮೂರನೆಯದು. ಮೊದಲನೆಯದು ಎತ್ತರದ ಪ್ರಶ್ನೆ, ಎರಡನೆಯದು ಸ್ಪ್ರಿಂಗಿನ ಬಿಗಿತದ್ದು, ಮೂರನೆಯದು ಶಾಕಿನದು. ಇವುಗಳಲ್ಲಿ ನಿಮ್ಮದು ಯಾವುದೆಂದು ತೀರ್ಮಾನವಾಗುವವರೆಗೆ ಯಾವ ಬ್ರ್ಯಾಂಡಿನ ಹೆಸರನ್ನೂ ವಿಚಾರಿಸಬೇಡಿ.

ಮೊದಲು ರೋಗ ಯಾವುದು ನೋಡಿ

ಇದಕ್ಕೆ ಒಂದು ಟಾರ್ಚು, ಒಂದು ಟೇಪು ಸಾಕು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಫೆಂಡರಿನ (ಚಕ್ರದ ಮೇಲಿನ ಮಡ್‌ಗಾರ್ಡ್) ಅಂಚಿನವರೆಗೆ ನಾಲ್ಕೂ ಕಡೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಗಾಳಿ, ಸವೆತ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತದೆ. ಒಂದೇ ಆಕ್ಸಲಿನ ಎಡಬಲದ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಇರುವ ಕಡೆಯ ಸ್ಪ್ರಿಂಗನ್ನು ಪೂರ್ತಿ ತೊಳೆದು ನೋಡಿ. ಮಳೆಗಾಲದ ಕೆಸರು ಸ್ಪ್ರಿಂಗ್ ಕೂರುವ ಕೆಳಗಿನ ಸೀಟಿನಲ್ಲಿ ನಿಂತು, ಬಣ್ಣ ತಿಂದು, ಕೊನೆಯ ಸುರುಳಿ ತುಂಡಾಗಿರುವುದು ಇಲ್ಲಿಯ ಹಳೆ ಕಾರುಗಳಲ್ಲಿ ಅಪರೂಪವಲ್ಲ. ಒಂದು ಸುರುಳಿಯ ತುದಿ ಮುರಿದರೂ ಗಾಡಿ ಓಡುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಶಾಕ್. ಮೈಮೇಲೆ ತೆಳುವಾಗಿ ಎಣ್ಣೆಯ ತೇವವಿದ್ದರೆ ಗಾಬರಿ ಬೇಡ; ಎಣ್ಣೆ ಧೂಳಿನ ಜತೆ ಕಪ್ಪು ಪದರವಾಗಿ ಅರ್ಧ ಮೈ ಮುಚ್ಚಿದ್ದರೆ ಅದು ಮುಗಿದಂತೆ. ಬಾನೆಟ್ ಒತ್ತಿ ಬಿಟ್ಟು ನೋಡುವ ಪರೀಕ್ಷೆಯನ್ನು ಎಲ್ಲರೂ ಮಾಡುತ್ತಾರೆ. ಒತ್ತಿ ಬಿಟ್ಟ ಮೇಲೆ ಎರಡು ಮೂರು ಸಲ ಕುಣಿದರೆ ಶಾಕ್ ಹೋಗಿದೆ, ಸರಿ. ಕುಣಿಯದಿದ್ದರೆ ಚೆನ್ನಾಗಿದೆ ಎಂದರ್ಥವಲ್ಲ, ಅರ್ಧ ಸತ್ತ ಶಾಕ್ ಕೂಡ ಈ ಪರೀಕ್ಷೆ ದಾಟುತ್ತದೆ. ಟೈರಿನ ಸಾಕ್ಷಿ ಇದಕ್ಕಿಂತ ನಂಬಿಕಸ್ತ: ಅಂಗೈಯನ್ನು ಟೈರಿನ ಸುತ್ತ ಸವರಿದರೆ ಅಲ್ಲಲ್ಲಿ ತಗ್ಗು ದಿಬ್ಬ ಸಿಕ್ಕಿದರೆ ಚಕ್ರ ನೆಲದ ಮೇಲೆ ಜಿಗಿಯುತ್ತ ಓಡಿದೆ ಎಂದೇ ಲೆಕ್ಕ.

ಕಟಕಟ ಸದ್ದಿಗೆ ಶಾಕನ್ನೇ ದೂರುವುದು ವಾಡಿಕೆ. ಸಣ್ಣ ಗುಂಡಿಗಳಲ್ಲಿ ಬೇಗ ಬೇಗ ಕೇಳುವ ಸದ್ದು ಹೆಚ್ಚಾಗಿ, ವಾಲುವುದನ್ನು ತಡೆಯುವ ಸ್ಟೆಬಿಲೈಸರ್ ಕಂಬಿಯ ಲಿಂಕ್ ರಾಡಿನದು. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಟಕ್ಕನೆ ಜಾರಿದಂತೆ ಕೇಳಿದರೆ ಸ್ಟ್ರಟ್ (ಸ್ಪ್ರಿಂಗ್ ಸಮೇತದ ಮುಂದಿನ ಶಾಕ್) ಬಾಡಿಗೆ ಸೇರುವ ಮೌಂಟಿನ ಬೇರಿಂಗ್. ಬ್ರೇಕ್ ಹಿಡಿದಾಗ ಒಂದೇ ಸಲ ಧಡ್ ಎಂದರೆ ಚಕ್ರವನ್ನು ಕೆಳಗಿನಿಂದ ಹಿಡಿದ ಲೋವರ್ ಆರ್ಮಿನ ರಬ್ಬರ್ ಬುಷ್. ಇವೆಲ್ಲ ಕೆಲವು ನೂರರಿಂದ ಒಂದೆರಡು ಸಾವಿರದ ಕೆಲಸ. ಇವನ್ನು ಬಿಟ್ಟು ದುಬಾರಿ ಶಾಕ್ ಹಾಕಿಸಿದರೆ ಸದ್ದು ಇನ್ನೂ ಜೋರಾಗುತ್ತದೆ, ಏಕೆಂದರೆ ಬಿಗಿ ಶಾಕ್ ಸಡಿಲ ಬುಷ್ಷನ್ನು ಹೆಚ್ಚು ಜಗ್ಗುತ್ತದೆ.

ಯಾವುದರಿಂದ ತೂಗಬೇಕು

ಸಮತಟ್ಟು ಹೆದ್ದಾರಿಯ ಊರಿನವರು ಬರೆದ ಶಿಫಾರಸನ್ನು ಹಾಗೇ ಇಲ್ಲಿಗೆ ತಂದರೆ ಹೊಂದುವುದಿಲ್ಲ. ಇಲ್ಲಿ ನೋಡಬೇಕಾದ ಮೊದಲ ಅಂಶ ನೀರು ಮತ್ತು ಕೆಸರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಳಭಾಗ ಒಣಗುವುದೇ ಇಲ್ಲ, ಹಾಗಾಗಿ ತೆರೆದ ಥ್ರೆಡ್, ತೆರೆದ ರಾಡ್, ತೆಳು ರಬ್ಬರ್ ಇರುವ ಯಾವುದೂ ಬಹಳ ಬಾಳುವುದಿಲ್ಲ. ಎರಡನೆಯದು ಬಿಡಿಭಾಗ ಸಿಗುವ ಜಾಗ. ಮಾರುತಿ, ಹುಂಡೈ, ಮಹೀಂದ್ರ, ಟಾಟಾ ಗಾಡಿಗಳ ಕಂಪನಿ ಅಳತೆಯ ಶಾಕ್ ಶಿವಮೊಗ್ಗದಲ್ಲೇ ಸಿಗುತ್ತದೆ. ಆಮದು ಮಾಲಿನ ಒಂದು ಸೀಲ್ ಹೋದರೆ ಬೆಂಗಳೂರಿನ ದಾರಿ, ಅಷ್ಟು ದಿನ ಗಾಡಿ ಸ್ಟ್ಯಾಂಡಿನ ಮೇಲೆ. ಮೂರನೆಯದು ಭಾರ: ವರ್ಷಕ್ಕೆ ಎಷ್ಟು ಸಲ ತುಂಬಿ ಓಡುತ್ತದೆ, ಎಷ್ಟು ಸಲ ಒಬ್ಬರೇ ಓಡಿಸುತ್ತೀರಿ. ನಾಲ್ಕನೆಯದು ಮನೆಯಲ್ಲೇ ಹಾಕುವಷ್ಟು ಸಲಕರಣೆ, ಜಾಗ ಇದೆಯೇ ಎಂಬುದು. ಬೆಲೆ ಇವುಗಳ ನಂತರ.

ಇನ್ನು ಕಾಗದ ಪತ್ರ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಕಂಪನಿ ಅಳತೆಗೆ ಸಮನಾದ ಶಾಕ್ ಬದಲಿಸುವುದು ರಿಪೇರಿ. ಎತ್ತರ ಬದಲಿಸುವ ಕಿಟ್, ಎತ್ತರ ಹೊಂದಿಸಬಲ್ಲ ಕಾಯಿಲೋವರ್ ಹಾಗಲ್ಲ. ಅಪಘಾತವಾದಾಗ ವಿಮೆಯ ಸರ್ವೇಯರ್ ಕೇಳುವ ಮೊದಲ ಪ್ರಶ್ನೆ ಅದೇ ಆಗಬಹುದು. ಹಾಕುವ ಮೊದಲೇ ವಿಮಾ ಕಂಪನಿಗೆ ಬರೆದು ಉತ್ತರ ಪಡೆದಿಟ್ಟುಕೊಳ್ಳಿ.

ಕಂಪನಿ ಅಳತೆಯ ಹೊಸ ಶಾಕ್

ಕಂಪನಿ ಪೆಟ್ಟಿಗೆಯದ್ದೇ ಆಗಲಿ, ಗೇಬ್ರಿಯಲ್, ಮನ್ರೋ, ಕೆವೈಬಿ ಹೆಸರಿನಲ್ಲಿ ಬರುವ ಅದೇ ಅಳತೆಯದ್ದಾಗಲಿ, ಹೆಚ್ಚಿನವು ಟ್ವಿನ್ ಟ್ಯೂಬ್: ಒಂದು ಕೊಳವೆಯೊಳಗೆ ಇನ್ನೊಂದು, ನಡುವೆ ಎಣ್ಣೆ, ಸ್ವಲ್ಪ ಒತ್ತಡದ ಗ್ಯಾಸ್. ಸಣ್ಣ ಹ್ಯಾಚ್‌ಬ್ಯಾಕಿಗೆ ನಾಲ್ಕು ಶಾಕ್, ಮುಂದಿನ ಎರಡು ಮೌಂಟ್ ಬೇರಿಂಗ್ ಸಮೇತ, ಬಂಪ್ ಸ್ಟಾಪ್ (ಶಾಕ್ ಪೂರ್ತಿ ಒತ್ತಿದಾಗ ತಡೆಯುವ ರಬ್ಬರ್), ಧೂಳಿನ ಬೂಟು ಸೇರಿ ಅಂದಾಜು 10ರಿಂದ 16 ಸಾವಿರ. ಕೂಲಿ 2ರಿಂದ 4 ಸಾವಿರ.

ಇದನ್ನು ಹಳೆ ಪದ್ಧತಿ ಎಂದು ಮೂಗು ಮುರಿಯುವವರುಂಟು. ಮಲೆನಾಡಿಗೆ ಇದರಲ್ಲಿ ಒಂದು ದೊಡ್ಡ ಅನುಕೂಲವಿದೆ. ಜಲ್ಲಿಕಲ್ಲು ಹಾರಿ ಹೊರಮೈ ನೆಗ್ಗಿದರೂ ಪಿಸ್ಟನ್ ಓಡುವುದು ಒಳಕೊಳವೆಯಲ್ಲಿ, ಹಾಗಾಗಿ ಶಾಕ್ ಕೆಲಸ ಮಾಡುತ್ತಲೇ ಇರುತ್ತದೆ. ದೋಷವೆಂದರೆ ಮೈಲುಗಟ್ಟಲೆ ಕಿತ್ತ ರಸ್ತೆಯಲ್ಲಿ ವೇಗವಾಗಿ ಓಡಿಸಿದರೆ ಎಣ್ಣೆ ಬಿಸಿಯಾಗಿ ನೊರೆಗಟ್ಟಿ ಹಿಡಿತ ತೆಳ್ಳಗಾಗುತ್ತದೆ. ಹಾಗೆ ಓಡಿಸದವರಿಗೆ ಈ ದೋಷ ಲೆಕ್ಕಕ್ಕಿಲ್ಲ.

50–60 ಸಾವಿರ ಕಿ.ಮೀ. ಓಡಿದ ಗಾಡಿಯಲ್ಲಿ ಹಳೆ ಶಾಕ್ ತೆಗೆದು ಹೊಸದು ಹಾಕಿ, ಜತೆಗೆ ಮೌಂಟ್, ಲಿಂಕ್ ರಾಡ್, ಬೂಟು ಬದಲಿಸಿದರೆ ಸಿಗುವ ಬದಲಾವಣೆಯನ್ನು ಬಹಳ ಜನ "ದುಬಾರಿ ಶಾಕಿನ ಮಹಿಮೆ" ಎಂದುಕೊಳ್ಳುತ್ತಾರೆ. ಅದು ಹೊಸತನದ ಮಹಿಮೆ. ಮೊದಲು ಇದನ್ನು ಮಾಡಿ ನೋಡದೆ ಮುಂದಿನ ಆಯ್ಕೆಗಳಿಗೆ ಹೋಗುವುದರಲ್ಲಿ ಅರ್ಥವಿಲ್ಲ ಎಂಬುದು ಈ ಬರಹದ ಅಭಿಪ್ರಾಯ.

ಕೊಳ್ಳುವಾಗ ಎರಡು ಎಚ್ಚರ. ಆಕ್ಸಲಿಗೆ ಜೋಡಿಯಾಗಿಯೇ ಬದಲಿಸಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಇದ್ದರೆ ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿದಾಗ ಗಾಡಿ ಒಂದು ಕಡೆ ಎಳೆಯುತ್ತದೆ. ಇನ್ನೊಂದು, ಕೊರೆದು ಎಣ್ಣೆ ತುಂಬಿ ವೆಲ್ಡ್ ಮಾಡಿ ಬಣ್ಣ ಬಳಿದ "ರೀಕಂಡೀಷನ್" ಶಾಕ್. ಅರ್ಧ ಬೆಲೆಗೆ ಸಿಗುತ್ತದೆ. ಸವೆದ ವಾಲ್ವ್ ಹಾಗೇ ಇರುತ್ತದೆ, ಗ್ಯಾಸ್ ಹೋಗಿರುತ್ತದೆ, ಒಂದು ಮಳೆಗಾಲ ಕಳೆಯುವಷ್ಟರಲ್ಲಿ ವೆಲ್ಡಿನ ಸಂದಿಯಲ್ಲಿ ಸೋರುತ್ತದೆ. ಬೇಡ.

ಮೊನೊಟ್ಯೂಬ್, ಹೊಂದಿಸುವ ಶಾಕ್

ಅಂಗಡಿಯಲ್ಲಿ ಗ್ಯಾಸ್ ಶಾಕ್ ಎಂದು ಕೇಳುವುದು ಇದನ್ನೇ. ಬಿಲ್‌ಸ್ಟೀನ್, ಕೋನಿ ಹೆಸರುಗಳು ಬರುವುದು ಇಲ್ಲಿ. ಎಲ್ಲ ಗಾಡಿಗೂ ಸಿಗುವುದಿಲ್ಲ. ಸಿಗುವ ಗಾಡಿಗೆ ನಾಲ್ಕಕ್ಕೆ 35 ಸಾವಿರದಿಂದ 70–80 ಸಾವಿರದವರೆಗೆ ಹೋಗುತ್ತದೆ. ಬಿಲ್‌ಸ್ಟೀನ್ ಬಿ4 ಕಂಪನಿ ಅಳತೆಗೆ ಹತ್ತಿರ, ಬಿ6 ಅದೇ ಎತ್ತರದ ಸ್ಪ್ರಿಂಗಿಗೆ ಹೆಚ್ಚು ಬಿಗಿ, ಬಿ8 ತಗ್ಗಿಸಿದ ಸ್ಪ್ರಿಂಗಿಗೆಂದು ಉದ್ದ ಕಡಿಮೆ ಮಾಡಿದ್ದು. ಅಂತರ್ಜಾಲದಲ್ಲಿ ಕಡಿಮೆ ಬೆಲೆಗೆ ಬಿ8 ಕಂಡಿತೆಂದು ಕಂಪನಿ ಸ್ಪ್ರಿಂಗಿನ ಜತೆ ಹಾಕಿದರೆ ಚಕ್ರ ಕೆಳಗಿಳಿಯುವ ಓಟ ಸಾಲದೆ ಪ್ರತಿ ಗುಂಡಿಯಲ್ಲೂ ಠಣ್ ಎನ್ನುತ್ತದೆ.

ಮೊನೊಟ್ಯೂಬಿನಲ್ಲಿ ಕೊಳವೆ ಒಂದೇ, ಗ್ಯಾಸ್ ಒತ್ತಡ ಹೆಚ್ಚು, ಎಣ್ಣೆ ಹೊರಮೈಗೇ ತಾಗಿರುವುದರಿಂದ ಬೇಗ ತಣಿಯುತ್ತದೆ. ಆಗುಂಬೆಯ 14 ತಿರುವು ಇಳಿದು ಹೆಬ್ರಿ ಕಡೆ ವಾರಕ್ಕೆರಡು ಸಲ ಹೋಗುವವರಿಗೆ, ಸಾಗರ, ತೀರ್ಥಹಳ್ಳಿ ದಾರಿಯಲ್ಲಿ ಬಿರುಸಾಗಿ ಓಡಿಸುವವರಿಗೆ ಇದರ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ಗಾಡಿ ಒಂದು ಸಲ ವಾಲಿ ಅಲ್ಲೇ ನಿಲ್ಲುತ್ತದೆ. ಬೆಲೆ ತೆರಬೇಕಾದದ್ದು ನಿಧಾನ ವೇಗದಲ್ಲಿ: 20 ಕಿ.ಮೀ. ವೇಗದಲ್ಲಿ ತೋಟದ ರಸ್ತೆಗೆ ಇಳಿದಾಗ ಸಣ್ಣ ಕಲ್ಲುಗಳೂ ಸೊಂಟಕ್ಕೆ ಬರುತ್ತವೆ. ಹಿಂದಿನ ಸೀಟಿನಲ್ಲಿ ಅಜ್ಜಿ ಕೂರುವ ಗಾಡಿಯಾದರೆ ಅವರನ್ನೊಮ್ಮೆ ಕೇಳಿ. ಇನ್ನೂ ಒಂದು ಅಪಾಯ: ಪಿಸ್ಟನ್ ಹೊರಗೋಡೆಗೇ ಉಜ್ಜಿ ಓಡುವುದರಿಂದ ದೊಡ್ಡ ಕಲ್ಲೇಟಿಗೆ ನೆಗ್ಗಿದರೆ ಆ ಶಾಕ್ ಅಲ್ಲಿಗೇ ಮುಗಿಯಿತು.

ಭಾರ ಹೊರುವವರಿಗೆ

ಒಂದು ಅಡಿಕೆ ಮೂಟೆಗೆ 65 ಕೆಜಿ ಹಿಡಿದರೆ ನಾಲ್ಕು ಮೂಟೆಗೆ 260 ಕೆಜಿ. ಸಣ್ಣ ಹ್ಯಾಚ್‌ಬ್ಯಾಕ್ ಒಟ್ಟು ಹೊರಬಹುದಾದದ್ದು ಚಾಲಕರನ್ನೂ ಸೇರಿಸಿ 400–450 ಕೆಜಿ. ಹಿಂದಿನ ಸ್ಪ್ರಿಂಗ್ ಪ್ರತಿಯೊಂದೂ ಮಿ.ಮೀ.ಗೆ 25 ನ್ಯೂಟನ್ ಬಿಗಿತದ್ದು ಎಂದುಕೊಂಡರೆ, ಹಿಂದಿನ ಆಕ್ಸಲಿನ ಮೇಲೆ 200 ಕೆಜಿ ಬಿದ್ದಾಗ ಸುಮಾರು 40 ಮಿ.ಮೀ. ಕುಸಿಯುತ್ತದೆ. 165–170 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸಿನ ಕಾರಿಗೆ ಇದು ದೊಡ್ಡ ನಷ್ಟ. ಮಂಡಿಗೆ ಹೋಗುವ ದಿನ ಮಾತ್ರ ಚೇಂಬರ್, ಸೈಲೆನ್ಸರ್ ತಾಗುತ್ತದೆ ಎನ್ನುವವರ ರೋಗ ಇದೇ.

ಇದಕ್ಕೆ ಅಗ್ಗದ ದಾರಿ ಸ್ಪ್ರಿಂಗಿನ ಸುರುಳಿಗಳ ನಡುವೆ ಸಿಕ್ಕಿಸುವ ರಬ್ಬರ್ ಬಫರ್, ಜೋಡಿಗೆ ಸಾವಿರದಿಂದ 3 ಸಾವಿರ. ಅದು ಒಂದು ಸುರುಳಿಯ ಚಲನೆಯನ್ನು ಕಟ್ಟಿಹಾಕಿ ಉಳಿದವುಗಳಿಂದ ಕೆಲಸ ತೆಗೆಯುತ್ತದೆ. ಹಾಗಾಗಿ ಉಳಿದ ಸುರುಳಿಗಳ ಮೇಲಿನ ಒತ್ತಡ ಏರುತ್ತದೆ; ತುಕ್ಕು ಹಿಡಿದ ಹಳೆ ಸ್ಪ್ರಿಂಗಿಗೆ ಬಫರ್ ಹಾಕುವುದೆಂದರೆ ಮುರಿಯಲು ಮುಹೂರ್ತ ಇಟ್ಟಂತೆ. ಬಫರಿನ ಕೆಳಗೆ ಕೆಸರು ನಿಲ್ಲುತ್ತದೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ನೀರು ಹೊಡೆದು ತೊಳೆಯಬೇಕು. ಎಡಬಲ ಒಂದೇ ಸುರುಳಿಗೆ ಹಾಕಬೇಕು. ಮುಂದಿನ ಸ್ಟ್ರಟ್‌ಗೆ ಹಾಕಬೇಡಿ, ಅಲ್ಲಿ ಸ್ಪ್ರಿಂಗ್ ಸ್ಟೀರಿಂಗಿನ ಜತೆ ತಿರುಗುವುದರಿಂದ ಬಫರ್ ಜಾರುತ್ತದೆ.

ತಿಂಗಳಿಗೆ ನಾಲ್ಕೈದು ಸಲ ತುಂಬುವವರು ಬಫರ್ ಬಿಟ್ಟು ಹಿಂದಿನ ಸ್ಪ್ರಿಂಗನ್ನೇ ಹೊಸದು ಹಾಕಿ, ಸಾಧ್ಯವಾದರೆ ಅದೇ ಮಾದರಿಯ ಡೀಸೆಲ್ ಅಥವಾ ಸಿಎನ್‌ಜಿ ರೂಪದ ಹಿಂದಿನ ಸ್ಪ್ರಿಂಗ್ ಸಂಖ್ಯೆ ಬೇರೆ ಇದೆಯೇ ಎಂದು ಡೀಲರ್ ಬಳಿ ಪಾರ್ಟ್ ನಂಬರ್ ಹಿಡಿದು ವಿಚಾರಿಸಿ. ಸಿಎನ್‌ಜಿ ಗಾಡಿಯ ಹಿಂದೆ ಸಿಲಿಂಡರ್ ಭಾರ ಸದಾ ಇರುವುದರಿಂದ ಕೆಲವು ಮಾದರಿಗಳಿಗೆ ಬೇರೆ ಸ್ಪ್ರಿಂಗ್ ಇರುತ್ತದೆ. ಅಂಥದ್ದು ಸಿಕ್ಕಿದರೆ ಯಾವ ಬಫರಿಗಿಂತಲೂ ವಾಸಿ.

ಬೊಲೆರೊ, ಹಳೆ ಓಮ್ನಿಯಂಥ ಹಿಂದೆ ಲೀಫ್ ಸ್ಪ್ರಿಂಗ್ ಇರುವ ಗಾಡಿಗಳಿಗೆ ಒಂದು ಪಟ್ಟಿ ಸೇರಿಸುವುದು ಎಲ್ಲ ಊರಿನಲ್ಲೂ ಮಾಡುತ್ತಾರೆ. ಕೆಲಸ ಸುಲಭ, ಕೆಡುವುದು ಯು-ಬೋಲ್ಟಿನಲ್ಲಿ: ಹೊಸ ಪಟ್ಟಿ ಒಂದಕ್ಕೊಂದು ಒತ್ತಿ ಕೂತ ಮೇಲೆ ಬೋಲ್ಟ್ ಸಡಿಲವಾಗುತ್ತದೆ, ನಡುವಿನ ಸಣ್ಣ ಬೋಲ್ಟ್ ಒಂಟಿಯಾಗಿ ಭಾರ ಹೊತ್ತು ತುಂಡಾಗುತ್ತದೆ, ಆಕ್ಸಲ್ ಜರುಗುತ್ತದೆ. 500 ಕಿ.ಮೀ. ಓಡಿದ ಮೇಲೆ ಮತ್ತೆ ಬಿಗಿ ಮಾಡಲೇಬೇಕು. ಏನು ಹಾಕಿದರೂ ಗಾಡಿಯ ಒಟ್ಟು ತೂಕದ ಮಿತಿ ಏರುವುದಿಲ್ಲ ಎಂಬುದನ್ನೂ ನೆನಪಿಡಿ. ಹಿಂಭಾಗ ಕುಸಿಯುತ್ತಿಲ್ಲ ಎಂದು ಇನ್ನೆರಡು ಮೂಟೆ ಏರಿಸಿದರೆ ಘಾಟಿ ಇಳಿಯುವಾಗ ಹೊಣೆ ಹೊರಬೇಕಾದದ್ದು ಅದೇ ಹಳೆ ಬ್ರೇಕು, ಅದೇ ಟೈರು.

ಎತ್ತರಿಸುವುದು

ಹೆಚ್ಚು ಮಾರಾಟವಾಗುವುದೂ ಹೆಚ್ಚು ಪಶ್ಚಾತ್ತಾಪ ತರುವುದೂ ಲಿಫ್ಟ್ ಕಿಟ್ ಎನ್ನುವ ಸ್ಪೇಸರ್ ಕಿಟ್. 2ರಿಂದ 5 ಸಾವಿರಕ್ಕೆ 20–25 ಮಿ.ಮೀ. ಎತ್ತರ ಸಿಗುತ್ತದೆ ಎನ್ನುವಾಗ ಬೇಡ ಎನ್ನುವುದು ಕಷ್ಟ. ಎರಡು ಬಗೆಗಳಿವೆ. ಸ್ಟ್ರಟ್ ಮೌಂಟಿನ ಮೇಲೆ ಕೂರುವ ಸ್ಪೇಸರ್ ಇಡೀ ಸ್ಟ್ರಟ್ಟನ್ನು ಕೆಳಕ್ಕೆ ತಳ್ಳುತ್ತದೆ. ಅದರಿಂದ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಕೋನ ಕಡಿದಾಗುತ್ತದೆ, ಅದರ ತುದಿಯ ಸಿವಿ ಜಾಯಿಂಟಿನ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಕೆಸರು ಒಳಹೋಗುತ್ತದೆ, ಒಂದು ಮಳೆಗಾಲದಲ್ಲಿ ಜಾಯಿಂಟ್ ಟಕಟಕ ಎನ್ನತೊಡಗುತ್ತದೆ. ಸ್ಪ್ರಿಂಗಿನ ಸೀಟಿಗೆ ಹಾಕುವ ಬಗೆಯಲ್ಲಿ ಶಾಕಿನ ಉದ್ದ ಹಾಗೇ ಇರುವುದರಿಂದ ಚಕ್ರ ಕೆಳಗಿಳಿಯುವ ಓಟದಲ್ಲೇ ಆ 25 ಮಿ.ಮೀ. ಕಳೆದುಹೋಗುತ್ತದೆ. ಹಂಪ್ ದಾಟಿ ಇಳಿಯುವಾಗ ಶಾಕ್ ತನ್ನ ತುದಿಗೆ ಹೋಗಿ ಬಡಿಯುವುದು ಇದರ ಗುರುತು.

ಎತ್ತರಿಸಲೇಬೇಕಾದರೆ 15–20 ಮಿ.ಮೀ. ದಾಟಬೇಡಿ, ಉಕ್ಕು ಅಥವಾ ಅಲ್ಯುಮಿನಿಯಂ ಸ್ಪೇಸರನ್ನೇ ಆರಿಸಿ, ಬೋಲ್ಟು ನಟ್ಟಿನೊಳಗೆ ಪೂರ್ತಿ ಹೊಕ್ಕು ಒಂದೆರಡು ಥ್ರೆಡ್ ಹೊರಗೆ ಕಾಣುವಷ್ಟು ಉದ್ದವಿದೆಯೇ ನೋಡಿ. ಅದಕ್ಕಿಂತ ಮುಂಚೆ ಇನ್ನೆರಡು ಅಗ್ಗದ ದಾರಿ ಯೋಚಿಸಿ. 3 ಮಿ.ಮೀ. ಉಕ್ಕಿನ ಎಂಜಿನ್ ಗಾರ್ಡ್ ಸುಮಾರು 10 ಕೆಜಿ ತೂಗುತ್ತದೆ, ಚೇಂಬರನ್ನು ನೇರವಾಗಿ ಕಾಯುತ್ತದೆ. ತಾಗುವುದು ತಪ್ಪದಿದ್ದರೂ ಒಡೆಯುವುದು ತಪ್ಪುತ್ತದೆ. ಟೈರ್ ಬದಲಿಸುವ ಕಾಲ ಬಂದಿದ್ದರೆ 185/65 ಆರ್15 ಬದಲು 195/65 ಆರ್15 ಹಾಕಿದಾಗ ಎತ್ತರ ಏರುವುದು 6.5 ಮಿ.ಮೀ. ಮಾತ್ರ. ಕಡಿಮೆ ಅನಿಸಿದರೂ ಅದು ಕೋನಗಳನ್ನು ಕೆಡಿಸದೆ ಸಿಗುವ ಎತ್ತರ. ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುವುದಿಲ್ಲವೆಂದೂ ಆ ಅಳತೆ ನಿಮ್ಮ ಮಾದರಿಗೆ ಕಂಪನಿಯ ಒಪ್ಪಿಗೆಯಲ್ಲಿದೆಯೆಂದೂ ಖಚಿತ ಮಾಡಿಕೊಳ್ಳಿ.

ಕಾಯಿಲೋವರ್ ಮತ್ತು ತಗ್ಗಿಸುವ ಸ್ಪ್ರಿಂಗ್

ತಗ್ಗಿಸುವ ಸ್ಪ್ರಿಂಗಿನ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ಮಲೆನಾಡಿನಲ್ಲಿ ಬೇಡ.

ಕಾಯಿಲೋವರ್ ಅಂದರೆ ಸ್ಪ್ರಿಂಗ್, ಶಾಕ್ ಎರಡೂ ಒಂದೇ ಘಟಕವಾಗಿ, ಎತ್ತರವನ್ನು ಥ್ರೆಡ್ ತಿರುಗಿಸಿ ಹೊಂದಿಸುವ ಏರ್ಪಾಡು. 60 ಸಾವಿರದಿಂದ ಒಂದೂವರೆ ಲಕ್ಷ, ಮೇಲೂ ಉಂಟು. ಇದರ ಆಕರ್ಷಣೆ ನಿಜವಾದದ್ದೇ: ನಾಲ್ಕೂ ಮೂಲೆ ಬೇಕಾದ ಹಾಗೆ, ಬಿಗಿತವೂ ಬೇಕಾದ ಹಾಗೆ. ಆದರೆ ಹೆಚ್ಚಿನ ಕಿಟ್‌ಗಳ ಎತ್ತರದ ವ್ಯಾಪ್ತಿ ಕಂಪನಿ ಎತ್ತರದಿಂದ ಕೆಳಕ್ಕೇ ಇರುತ್ತದೆ. ಮೇಲೆತ್ತಲು ಎಂದು ಕೊಂಡವರು ಪೆಟ್ಟಿಗೆ ಬಿಚ್ಚಿದ ಮೇಲೆ ಇದನ್ನು ಓದುತ್ತಾರೆ. ಮೇಲಾಗಿ ಅಲ್ಯುಮಿನಿಯಂ ರಿಂಗ್ ಉಕ್ಕಿನ ಮೈಗೆ ಕೆಸರಿನ ಜತೆ ಕಚ್ಚಿಕೊಂಡರೆ ಎರಡನೇ ವರ್ಷ ಸುತ್ತಿಗೆಗೂ ಜಗ್ಗುವುದಿಲ್ಲ. ಹಾಕುವುದಾದರೆ ಮೊದಲ ದಿನವೇ ಥ್ರೆಡ್ಡಿಗೆ ತುಕ್ಕುನಿರೋಧಕ ಮೇಣ ಬಳಿದು, ಬಟ್ಟೆಯ ಹೊದಿಕೆ ಕಟ್ಟಿ. ಮಳೆಗಾಲ ಮುಗಿದೊಡನೆ ರಿಂಗುಗಳನ್ನು ಒಂದು ಸುತ್ತು ಹಿಂದೆ ಮುಂದೆ ತಿರುಗಿಸಿಡಿ.

ಮನೆಯಲ್ಲಿ ಹಾಕುವುದೋ, ಗ್ಯಾರೇಜೋ

ಹಣ ಉಳಿಸಲು ಮನೆಯಲ್ಲಿ ಮಾಡುತ್ತೇವೆ ಎನ್ನುವವರು ಲೆಕ್ಕ ಹಾಕಬೇಕು. 2 ಟನ್ ಟ್ರಾಲಿ ಜಾಕ್, ಒಂದು ಜೊತೆ ಆಕ್ಸಲ್ ಸ್ಟ್ಯಾಂಡ್, ಟಾರ್ಕ್ ರೆಂಚ್, ಸ್ಪ್ರಿಂಗ್ ಕಂಪ್ರೆಸರ್ ಎಲ್ಲ ಸೇರಿ 8ರಿಂದ 12 ಸಾವಿರ. ಉಳಿಯುವ ಕೂಲಿ 4 ಸಾವಿರದೊಳಗೆ. ಮನೆಯಲ್ಲಿ ಎರಡು ಮೂರು ಗಾಡಿ ಇದ್ದು ಮುಂದೆಯೂ ಮಾಡುವವರಿಗೆ ಮಾತ್ರ ಇದು ಲಾಭ. ಕೈಕೆಲಸದ ಖುಷಿಗೆ ಬೆಲೆ ಕಟ್ಟಲಾಗದು, ಅದು ಬೇರೆ ಮಾತು.

ಜಾಗವೇ ಮೊದಲ ತೊಡಕು. ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳವಿದ್ದರೆ ಅದಕ್ಕಿಂತ ಒಳ್ಳೆಯ ಜಾಗ ಬೇರಿಲ್ಲ. ಮಣ್ಣಿನ ಅಂಗಳವಾದರೆ ಏಪ್ರಿಲ್–ಮೇ ತಿಂಗಳಲ್ಲಿ ಮಾಡಿ, ಜಾಕ್ ಮತ್ತು ಸ್ಟ್ಯಾಂಡಿನ ಕೆಳಗೆ ಒಂದೂವರೆ ಅಡಿ ಚೌಕದ ದಪ್ಪ ಹಲಗೆ ಹಾಕಿ. ಜಂಬಿಟ್ಟಿಗೆ ಕಲ್ಲು, ಸಿಮೆಂಟ್ ಬ್ಲಾಕ್ ಪೇರಿಸಿ ಅದರ ಮೇಲೆ ಕಾರು ನಿಲ್ಲಿಸಬೇಡಿ. ಎರಡೂ ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಹಿಂದಿನ ಶಾಕ್ ಹೊಸಬರೂ ಮಾಡಬಹುದಾದ ಕೆಲಸ. ಹ್ಯಾಚ್‌ಬ್ಯಾಕ್‌ಗಳಲ್ಲಿ ಹೆಚ್ಚಾಗಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುತ್ತದೆ. ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ತಡೆ ಕೊಟ್ಟು, ಹಿಂದಿನ ಚಕ್ರದ ನಟ್ಟುಗಳನ್ನು ನೆಲದ ಮೇಲಿರುವಾಗಲೇ ಕಾಲು ಸುತ್ತು ಸಡಿಲಿಸಿ, ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕನ್ನು ಹಿಂದಿನ ಎರಡೂ ಚಕ್ರ ಸೇರಿಸುವ ಬೀಮಿನ ಕೆಳಗೆ ತಂದು ತುಸು ಆಧಾರ ಕೊಡಿ, ಆಮೇಲೆ ಶಾಕಿನ ಕೆಳಗಿನ ಬೋಲ್ಟ್, ನಂತರ ಮೇಲಿನದು. ಬೀಮಿಗೆ ಆಧಾರವಿಲ್ಲದೆ ಬೋಲ್ಟ್ ತೆಗೆದರೆ ಅದು ಧಡ್ಡನೆ ಬಿದ್ದು ಬ್ರೇಕ್ ಹೋಸ್ ಎಳೆಯುತ್ತದೆ. ಸ್ಪ್ರಿಂಗೂ ಬದಲಿಸುವುದಾದರೆ ಎರಡೂ ಶಾಕ್ ಕಳಚಿ ಬೀಮನ್ನು ನಿಧಾನ ಇಳಿಸಿ, ಹೋಸ್ ಬಿಗಿಯಾಗುವ ಮೊದಲು ನಿಲ್ಲಿಸಿ. ಸ್ಪ್ರಿಂಗಿನ ಮೇಲಿನ ಕೆಳಗಿನ ರಬ್ಬರ್ ಸೀಟು ಹರಿದಿದ್ದರೆ ಆಗಲೇ ಬದಲಿಸಿ. ಟ್ವಿನ್ ಟ್ಯೂಬ್ ಶಾಕನ್ನು ಹಾಕುವ ಮೊದಲು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಬೇಕು. ಅಂಗಡಿಯಲ್ಲಿ ಮಲಗಿದ್ದಾಗ ಒಳಸೇರಿದ ಗಾಳಿ ಹೋಗದಿದ್ದರೆ ಮೊದಲ ದಿನವೇ ಹೊಸ ಶಾಕ್ ಸತ್ತಿದೆ ಎಂದು ಅಂಗಡಿಗೆ ಓಡುವ ಹಾಗಾಗುತ್ತದೆ.

ಮುಂದಿನ ಸ್ಟ್ರಟ್ ಬೇರೆಯೇ ದರ್ಜೆ. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರಿನ ಕ್ಲಿಪ್ ಬಿಡಿಸಿ. ಲಿಂಕ್ ರಾಡಿನ ನಟ್ಟು ತಿರುಗಿಸುವಾಗ ಒಳಗಿನ ಗುಂಡೂ ತಿರುಗುತ್ತದೆ, ಅದನ್ನು ಅಲೆನ್ ಕೀಯಲ್ಲಿ ಹಿಡಿಯಬೇಕು. ಸ್ಟ್ರಟ್ಟನ್ನು ನಕಲ್‌ಗೆ (ಚಕ್ರ ಹೊತ್ತಿರುವ ಭಾಗ) ಸೇರಿಸುವ ಎರಡು ದೊಡ್ಡ ಬೋಲ್ಟುಗಳ ಜಾಗವನ್ನು ಬಣ್ಣದಲ್ಲಿ ಗುರುತು ಮಾಡಿ. ಕ್ಯಾಂಬರ್, ಅಂದರೆ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ, ಅಲ್ಲೇ ನಿರ್ಧಾರವಾಗುತ್ತದೆ. ಬೋಲ್ಟ್ ಹೊರಬಂದ ಕೂಡಲೇ ನಕಲ್ ಹೊರಕ್ಕೆ ವಾಲುತ್ತದೆ. ತಂತಿಯಲ್ಲಿ ಕಟ್ಟಿ ನಿಲ್ಲಿಸದಿದ್ದರೆ ಡ್ರೈವ್ ಶಾಫ್ಟ್ ಒಳಗಿನಿಂದ ಕಳಚಬಹುದು.

ಬಾನೆಟ್ ಎತ್ತಿದಾಗ, ಸ್ಟ್ರಟ್ಟಿನ ಮೇಲ್ತುದಿ ಕೂರುವ ಟವರಿನ ಮೇಲೆ ಕಾಣುವ ನಟ್ಟುಗಳಲ್ಲಿ ಎಚ್ಚರ. ಕೆಲವು ಮಾದರಿಗಳಲ್ಲಿ ಸುತ್ತಲಿನ ಎರಡು ಮೂರು ನಟ್ಟು ಸ್ಟ್ರಟ್ಟನ್ನು ಬಾಡಿಗೆ ಹಿಡಿದಿರುತ್ತವೆ, ನಡುವಿನದು ಸ್ಪ್ರಿಂಗನ್ನು ಒತ್ತಿ ಹಿಡಿದಿರುತ್ತದೆ. ಕೆಲವದರಲ್ಲಿ ನಡುವೆಯೇ ಒಂದರ ಕೆಳಗೊಂದು ಎರಡು ನಟ್ಟು. ವರ್ಕ್‌ಶಾಪ್ ಕೈಪಿಡಿಯ ಚಿತ್ರ ನೋಡದೆ ನಡುವಿನದಕ್ಕೆ ಸ್ಪ್ಯಾನರ್ ಹಾಕಬೇಡಿ. ಕಂಪ್ರೆಸರ್ ಇಲ್ಲದೆ ಸ್ಪ್ರಿಂಗ್ ಹಿಡಿದ ನಟ್ಟು ಬಿಚ್ಚಿದರೆ ಕ್ವಿಂಟಲ್ ಲೆಕ್ಕದ ಒತ್ತಡ ಒಂದೇ ಕ್ಷಣದಲ್ಲಿ ಬಿಡುಗಡೆಯಾಗುತ್ತದೆ, ಕೈ ಮುಖ ಉಳಿಯುವುದಿಲ್ಲ. ಕಂಪ್ರೆಸರಿನ ಎರಡು ಕೊಕ್ಕೆಗಳು ಎದುರುಬದುರು ಕೂರಬೇಕು, ಸ್ಕ್ರೂಗೆ ಎಣ್ಣೆ ಹಾಕಿ ಎರಡನ್ನೂ ಎರಡೆರಡು ಸುತ್ತಿನಂತೆ ಬದಲಿಸುತ್ತ ಕೈಯಲ್ಲೇ ಬಿಗಿಯಬೇಕು. ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ತಿರುಗುವವರೆಗೆ ನಟ್ಟು ಮುಟ್ಟಬಾರದು.

ನಡುದಾರಿ ಒಂದಿದೆ, ಅದೇ ಹೆಚ್ಚಿನವರಿಗೆ ಸರಿ. ಸ್ಟ್ರಟ್ಟನ್ನು ಮನೆಯಲ್ಲಿ ಇಳಿಸಿ, ಸ್ಪ್ರಿಂಗ್ ಸಮೇತ ಗ್ಯಾರೇಜಿಗೆ ಒಯ್ಯಿರಿ. ಗೋಡೆಗೆ ಕೂರಿಸಿದ ಕಂಪ್ರೆಸರಿನಲ್ಲಿ ಅವರು ಸ್ವಲ್ಪ ಹೊತ್ತಿನಲ್ಲೇ ಹೊಸ ಶಾಕಿಗೆ ಸ್ಪ್ರಿಂಗ್ ಜೋಡಿಸಿ ಕೊಡುತ್ತಾರೆ. ಅಪಾಯದ ಭಾಗ ಅವರದು, ಉಳಿದದ್ದು ನಿಮ್ಮದು. ಜೋಡಿಸಿದ್ದನ್ನು ತರುವ ಮುಂಚೆ ಸ್ಪ್ರಿಂಗಿನ ತುದಿ ಕೆಳಸೀಟಿನ ಮೆಟ್ಟಿಲಿಗೆ ಸರಿಯಾಗಿ ಒರಗಿದೆಯೇ, ಬೇರಿಂಗ್ ತಲೆಕೆಳಗಾಗಿಲ್ಲವೇ, ಹೊಳೆಯುವ ರಾಡಿನ ಮೇಲೆ ಇಕ್ಕಳದ ಗುರುತು ಬಿದ್ದಿಲ್ಲವೇ ನೋಡಿ. ಒಂದು ಗೀರು ಸಾಕು, ಸೀಲ್ ಹರಿಯುತ್ತದೆ.

ಕೊನೆಯ ಬಿಗಿತದಲ್ಲಿ ಮನೆಯಲ್ಲೂ ಗ್ಯಾರೇಜಿನಲ್ಲೂ ಆಗುವ ತಪ್ಪು ಒಂದೇ. ಲೋವರ್ ಆರ್ಮ್, ಬೀಮ್, ಹಿಂದಿನ ಶಾಕಿನ ಕೆಳಗಿನ ಬುಷ್ ಇರುವ ಬೋಲ್ಟುಗಳನ್ನು ಚಕ್ರ ನೇತಾಡುತ್ತಿರುವಾಗಲೇ ಬಿಗಿದುಬಿಡುತ್ತಾರೆ. ಆಗ ರಬ್ಬರ್ ಆ ಸ್ಥಿತಿಯಲ್ಲೇ ಕಚ್ಚಿಕೊಂಡು, ಗಾಡಿ ಇಳಿದಾಗ ಸದಾ ತಿರುಚಿಕೊಂಡಿದ್ದು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಕೈಬಿಗಿ ಮಾಡಿ, ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ ಟಾರ್ಕ್ ಹಾಕಿ. ಚಕ್ರದ ನಟ್ಟು ಬಹುತೇಕ ಸಣ್ಣ ಕಾರುಗಳಲ್ಲಿ 85ರಿಂದ 110 ನ್ಯೂಟನ್ ಮೀಟರ್. ಉಳಿದವಕ್ಕೆ ನಿಮ್ಮ ಮಾದರಿಯ ಕೈಪಿಡಿಯೇ ಪ್ರಮಾಣ.

ಹೊಂದಿಸುವುದು

ಹೊಸದು ಹಾಕಿದ ಕೂಡಲೇ ಅಲೈನ್‌ಮೆಂಟಿಗೆ ಓಡಬೇಡಿ. 50–100 ಕಿ.ಮೀ. ಓಡಿಸಿ, ಸ್ಪ್ರಿಂಗ್ ಕೂತ ಮೇಲೆ ಮಾಡಿಸಿ. ಎತ್ತರ ಬದಲಾಗಿದ್ದರೆ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ಬದಲಾಗಿಯೇ ಇರುತ್ತದೆ. ಅಳತೆಯ ಚೀಟಿ ಕೇಳಿ ಪಡೆದುಕೊಳ್ಳಿ. ಎತ್ತರಿಸಿದ ಗಾಡಿಯ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ಅದನ್ನೂ ತಗ್ಗಿಸಿ.

ಬಿಗಿತ ಹೊಂದಿಸುವ ಶಾಕಿನಲ್ಲಿ ಪೂರ್ತಿ ಬಿಗಿಯಿಂದ ಹಿಂದಕ್ಕೆ ಕ್ಲಿಕ್ ಎಣಿಸಿ, ಎಡಬಲ ಒಂದೇ ಇರಲಿ, ನಡುವಿನಿಂದ ಶುರು ಮಾಡಿ. ಪ್ರತಿ ಸಲ ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಎರಡೇ ಕ್ಲಿಕ್ ಬದಲಿಸಿ ನೋಡಿ. ಹಂಪ್ ದಾಟಿ ಒಂದಕ್ಕಿಂತ ಹೆಚ್ಚು ಸಲ ತೂಗಿದರೆ ಸಡಿಲ. ಸಾಲು ಗುಂಡಿಗಳಲ್ಲಿ ಗಾಡಿ ಹಂತಹಂತವಾಗಿ ಕೆಳಗಿಳಿದು ಬಂಪ್ ಸ್ಟಾಪಿಗೆ ಬಡಿದರೆ ಅತಿ ಬಿಗಿ: ಸ್ಪ್ರಿಂಗ್ ಮೇಲೇಳುವಷ್ಟರಲ್ಲಿ ಮುಂದಿನ ಗುಂಡಿ ಬಂದಿರುತ್ತದೆ. ಇಂಥ ರಸ್ತೆಯಲ್ಲಿ ಎರಡನೆಯ ತಪ್ಪು ಹೆಚ್ಚು ಕಾಡುತ್ತದೆ, ಹಾಗಾಗಿ ಅನುಮಾನವಿದ್ದರೆ ಸಡಿಲದ ಕಡೆಗೇ ಇಡಿ. ಕಾಯಿಲೋವರಿನ ಎತ್ತರವನ್ನು ಮೊದಲು ಬರೆದಿಟ್ಟ ಫೆಂಡರಿನ ಅಳತೆಗೆ ಹೋಲಿಸಿ, ಎಡಬಲ 3–5 ಮಿ.ಮೀ. ಒಳಗೆ ತಂದು, ಲಾಕ್ ರಿಂಗ್ ಬಿಗಿದು, 500 ಕಿ.ಮೀ. ನಂತರ ಮತ್ತೊಮ್ಮೆ ನೋಡಿ.

ಯಾರಿಗೆ ಯಾವುದು

ಹತ್ತು ಸಾವಿರದೊಳಗೆ ಮುಗಿಸಬೇಕೆಂದರೆ ಕೆಟ್ಟಿರುವ ಆಕ್ಸಲಿನ ಎರಡು ಶಾಕ್, ಲಿಂಕ್ ರಾಡ್, ಮೌಂಟ್ ಮಾತ್ರ ಕಂಪನಿ ಅಳತೆಯದ್ದು ಹಾಕಿಸಿ, ಟೈರಿಗೆ ಚಾಲಕರ ಬಾಗಿಲ ಕಂಬದ ಚೀಟಿಯಲ್ಲಿ ಬರೆದಷ್ಟೇ ಗಾಳಿ ಇಡಿ. ಹದಿನೈದು ಇಪ್ಪತ್ತು ಸಾವಿರವಿದ್ದರೆ ನಾಲ್ಕೂ ಶಾಕ್, ಜತೆಗೆ ಹಿಂದೆ ಕುಸಿದ ಸ್ಪ್ರಿಂಗ್. ಮಲೆನಾಡಿನ ಹತ್ತರಲ್ಲಿ ಎಂಟು ಕಾರುಗಳಿಗೆ ಬೇಕಾದದ್ದು ಇಷ್ಟೇ ಎನ್ನಬಹುದು.

ಹೊಟ್ಟೆ ತಾಗುವುದು ಮನೆ ರಸ್ತೆಯಲ್ಲಿ ಮಾತ್ರ ಎಂದಾದರೆ ಎಂಜಿನ್ ಗಾರ್ಡಿನ ಜತೆ ಆ ನಡುದಿಂಡನ್ನು ಬೇಸಿಗೆಯಲ್ಲಿ ಒಮ್ಮೆ ಕೆತ್ತಿಸುವುದು ಸ್ಪೇಸರಿಗಿಂತ ಅಗ್ಗ, ಬರುವ ಹೋಗುವ ಎಲ್ಲರ ಗಾಡಿಗೂ ಅನುಕೂಲ. ವಾರವಾರ ಭಾರ ಹೊರುವವರಿಗೆ ಹೊಸ ಬಿಗಿ ಸ್ಪ್ರಿಂಗ್, ವರ್ಷಕ್ಕೆ ನಾಲ್ಕು ಸಲ ಹೊರುವವರಿಗೆ ಏನೂ ಬೇಡ, ಮಂಡಿಗೆ ಒಂದು ಪಿಕಪ್ ಬಾಡಿಗೆಗೆ ಕರೆಯಿರಿ. ಘಾಟಿಯ ಓಡಾಟ ಹೆಚ್ಚಿದ್ದು, ರಸ್ತೆ ಬಹುಪಾಲು ಡಾಂಬರು, ಗಾಡಿಯನ್ನು ಇನ್ನೂ ಐದು ವರ್ಷ ಇಟ್ಟುಕೊಳ್ಳುವ ಮನಸ್ಸಿದ್ದರೆ ಮೊನೊಟ್ಯೂಬ್ ಶಾಕಿಗೆ ಕೊಟ್ಟ ಹಣ ವ್ಯರ್ಥವಲ್ಲ. ಎರಡು ವರ್ಷದಲ್ಲಿ ಮಾರುವ ಗಾಡಿಗಾದರೆ ಬೇಡ, ಕೊಳ್ಳುವವರು ಅದಕ್ಕೆಂದು ನಯಾಪೈಸೆ ಹೆಚ್ಚು ಕೊಡುವುದಿಲ್ಲ. ಕಾಯಿಲೋವರ್ ಬೇಕೇಬೇಕು ಎನ್ನುವವರು ಕಳಚಿದ ಕಂಪನಿ ಶಾಕ್, ಸ್ಪ್ರಿಂಗುಗಳನ್ನು ಎಣ್ಣೆ ಸವರಿ ಅಟ್ಟದ ಮೇಲೆ ನೆಟ್ಟಗೆ ನಿಲ್ಲಿಸಿಡಿ. ಫಿಟ್‌ನೆಸ್ ಸರ್ಟಿಫಿಕೇಟಿನ ದಿನಕ್ಕೋ ಮಾರುವ ದಿನಕ್ಕೋ ಅವು ಬೇಕಾಗುತ್ತವೆ.